ಗೆಲ್ಲಿಸುವ ಟವೆಲ್

ಪಲ್ಲಾವರಂನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಬೆಳಿಗ್ಗೆ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆಯ ಶಾರದಮ್ಮ ಗುನುಗುತ್ತಾ ಹಳದಿ ಟವೆಲ್ಲೊಂದನ್ನು ಹಿಂಡುತ್ತಿದ್ದರು. ವೃತ್ತಿಪರ ಬಾಕ್ಸರ್ ಆದ ಅವರ ಮಗ ಕಾರ್ತಿಕ್ ಹಿಂದಿನ ಸಂಜೆಯಷ್ಟೇ ಮೊದಲ ಬಾರಿಗೆ ಸೋತಿದ್ದ. ಸಮಾಧಾನ ಹೇಳಲು ಬಾಯಿ ತೆರೆದೆ.

“ಗೆಲ್ಲಿಸೋ ಟವೆಲ್ ಅಂತ ಇಷ್ಟು ದಿನ ಕಾರ್ತಿಕ್ ಒಗೆಯೋಕೇ ಬಿಟ್ಟಿರ್ಲಿಲ್ಲ ಕಣ್ರೀ. ಇದರ ಬಣ್ಣ ಹಳದಿ ಅನ್ನೋದೇ ಮರೆತುಹೋಗಿತ್ತು,” ಎಂದರು ಶಾರದಮ್ಮ.

ಅಷ್ಟರಲ್ಲಿ ಊದಿದ ಕಣ್ಣಿನ ಕಾರ್ತಿಕ್ ಬಕೆಟ್ ಹಿಡಿದು ಬಂದ. ಪಂದ್ಯ ಹತ್ತಿರವಾದರೆ ಯಾರೊಂದಿಗೂ ಮಾತಾಡದವನು ನಗುತ್ತಿದ್ದ. “ಸೋಲ್ತೀನೇನೋ ಅಂತ ಪ್ರತಿ ಸಲ ನಡುಗ್ತಿದ್ದೆ ಆಂಟಿ. ಸೋತೂ ನೋಡಿದೆ, ಪರವಾಯಿಲ್ಲ. ಮುಂದಿನ ಮ್ಯಾಚ್‌ಗೆ ಯಾವ ಟವೆಲ್ ಆದ್ರೂ ಓಕೆ.”

ಕೆಳಗಿಳಿದವಳೇ, ಕ್ರಿಕೆಟ್ ಸೀಸನ್ ಮುಗಿಯುವ ತನಕ ಒಗೆಯಕೂಡದೆಂದು ನಮ್ಮೆಜಮಾನರು ಎತ್ತಿಟ್ಟಿದ್ದ ಅದೃಷ್ಟದ ಬನಿಯನ್ನನ್ನು ಅವರನ್ನು ಕೇಳದೆಯೇ ನೆನೆಹಾಕಿದೆ.