ಎರಡು ರೆಕಾರ್ಡರ್, ಒಬ್ಬ ಅಳಿಯ

ಅವ್ವನ ಬೀಸುವ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂಬುದು ನನ್ನ ಬಹಳ ದಿನದ ಆಸೆ. ಮಲಾಡಿನ ನಮ್ಮ ಮನೆಗೆ ಬಂದಿದ್ದವಳು ಮರುದಿನ ದಾದರಿನಲ್ಲಿ ಊರಿನ ಗಾಡಿ ಹತ್ತುವವಳಿದ್ದಳು. ನಮ್ಮ ಯಜಮಾನರ ಹತ್ತಿರ ಒಂದು ರೆಕಾರ್ಡರ್ ಇತ್ತು. ವಿಕ್ರೋಳಿಯಿಂದ ನನ್ನ ತಮ್ಮ ಇನ್ನೊಂದನ್ನು ಹಿಡಿದುಕೊಂಡು ಬಂದ. ಮುಗಿಯಿತು! ನನ್ನ ಹಾಡು ಮೂಲೆಗೆ ಬಿದ್ದು, ಯಾರ ಪ್ರೀಆಂಪ್ ಮೇಲು ಎಂಬ ಕುಸ್ತಿ ಶುರುವಾಯಿತು.

ಪ್ರೀಆಂಪ್ ಅಂದರೆ ಮೈಕಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ಭಾಗವಂತೆ. ಕಳಪೆಯದಾದರೆ ದನಿಯ ಹಿಂದೆ 'ಸುಸ್ಸ್' ಎಂಬ ಸದ್ದೂ ಏಳುತ್ತದಂತೆ.

"ಫೇರ್ ಆಗಬೇಕ್ರಿ ಮಾಮಾ," ಎಂದ ತಮ್ಮ. "ಒಂದ ಮೈಕು, ಒಂದ ಹಾಡು. ಕೇಳೂಮುಂದ ಎರಡರ ಆವಾಜೂ ಸಮ ಇರಬೇಕು. ಜೋರಿದ್ದದ್ದು ಸುಮ್ನ ಛಲೋ ಅನಸ್ತದ."

ಫ್ಯಾನ್ ಬಂದ್, ಫ್ರಿಜ್ ಬಂದ್, ಕಿಟಕಿ ಬಂದ್. ಅವ್ವನ ಬಾಯಿಂದ ಮೈಕಿನವರೆಗೆ ಲಟ್ಟಣಿಗೆ ಹಿಡಿದು ಅಳತೆ. ಬೆವರಿನಲ್ಲಿ ನಾವೆಲ್ಲ ಬೆಂದ ಬದನೆಕಾಯಿ ಆಗಿದ್ದೆವು.

ಮೊದಲು ತಮ್ಮನ ಸರದಿ. ಯಾರೂ ಲಿಫ್ಟಿನ ಬಾಗಿಲು ಬಡಿಯದಂತೆ ಇವರು ಹೊರಗೆ ಕಾವಲು ನಿಂತರು. ಅವ್ವ ಹಾಡಿದಳು, ಎಲ್ಲೂ ಸುಸ್ಸಿಲ್ಲ. ಆಮೇಲೆ ತಮ್ಮ ಕಾವಲಿಗೆ ಹೋದ, ಇವರು ತಮ್ಮದೇ ರೆಕಾರ್ಡರ್ ಹಿಡಿದು ಅವ್ವನೆದುರು ಕೂತರು. ಕೇಳಿದರೆ ಹಾಡಿಗಿಂತ ಸುಸ್ಸೇ ಹೆಚ್ಚು! ಮತ್ತೆ ಮಾಡಿದರೂ ಅದೇ ಹಾಡು, ಅದೇ ಪಾಡು. ಇವರ ಮುಖ ಹುಳ್ಳಗಾಯಿತು.

ಆಗ ನಾನು ಅವ್ವನ ಕಡೆ ನೋಡಿದೆ. ತಲೆ ತುಂಬ ಸೆರಗು, ಕಣ್ಣು ನೆಲದ ಮೇಲೆ, ಹಾಡು ಬಾಯೊಳಗೇ. ಅಳಿಯನ ಮುಂದೆ ಅತ್ತೆ ದನಿ ಎತ್ತುವುದುಂಟೆ? ಇವರು ಎದುರಿಗೇ ಕೂತಿದ್ದರೂ "ಅವರಿಗೆ ಚಾ ಬೇಕೇನ ಕೇಳವಾ" ಎಂದು ನನ್ನ ಮೂಲಕವೇ ಕೇಳುವವಳು ಅವಳು. ಆ ಪಿಸುದನಿಗಾಗಿ ಇವರು ದನಿ ಏರಿಸುವ ಗೇನ್ ಗುಂಡಿಯನ್ನು ಪೂರ್ತಿ ತಿರುವಿದ್ದರು. ಸುಸ್ಸೆನ್ನದೆ ಇನ್ನೇನು ಮಾಡೀತು ಪಾಪ, ಮಷೀನು?

"ಅಯ್ಯ ನಿಮ್ಮ! ತಪ್ಪು ಮಷೀನಿಂದಲ್ಲ, ನಿಮ್ಮದು. ಏಳ್ರಿ, ಹೊರಗ ನಡೀರಿ!"

"ನನ್ನ ಮನ್ಯಾಗಿಂದ ನನ್ನ ಹೊರಗ ಹಾಕ್ತೀಯೇನ?" ಎನ್ನುತ್ತ ಹೋಗಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತರು.

ಇವರ ರೆಕಾರ್ಡರನ್ನು ತಮ್ಮ ಹಿಡಿದ. ಅವ್ವ ಸೆರಗು ಸರಿಸಿ, ಎದೆ ತುಂಬ ಉಸಿರೆಳೆದು ಹಾಡಿದಳು. ಸುಸ್ಸು ಎಲ್ಲಿ ಹೋಯಿತೋ! ಹಾಡು ಮುಗಿಯುತ್ತಲೇ ಬಾಗಿಲಾಚೆಯಿಂದ "ವ್ಹಾ!" ಎಂದು ಇವರ ದನಿ. ಅವ್ವ ಅಡಿಗೆಮನೆಗೆ ಓಡಿದಳು.

"ಆ ವ್ಹಾ ಕಟ್ ಮಾಡ್ತೀನಿ," ಎಂದ ತಮ್ಮ.

"ಕೈ ಹಚ್ಚಿ ನೋಡು, ಮುರೀತೀನಿ," ಎಂದೆ.

ಒಳಗಿನಿಂದ ಅವ್ವ ಮೆಲ್ಲಗೆ ಕೇಳಿದಳು: "ಖರೇನ ಸೇರಿತೇನವಾ ಅವರಿಗೆ?"

"ನನ್ನೇನ ಕೇಳ್ತಿ? ಹೊರಗ ಕುಂತಾರ, ನೀನ ಕೇಳು."

ಅವ್ವ ತಾನೇ ಹೋಗಿ ಬಾಗಿಲು ತೆಗೆದಳು.

"ಒಳಗ ಬರ್ರಿ," ಎಂದಳು, ನೇರ ಇವರ ಮುಖ ನೋಡಿ. "ಅವಸರದಾಗ ಒಂದ ನುಡಿ ಬಿಟ್ಟೆ. ಕುಂದರ್ರಿ, ಪೂರಾ ಹಾಡತೀನಿ."