ನೋಡಿದೆ ಎಂದ ತಪ್ಪಿಗೆ

ಅವಳನ್ನು ಎಲ್ಲರೂ ಬೆರಳಕ್ಕ ಎಂದು ಕರೆಯುತ್ತಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ನನಗೂ ಬೆರಳಕ್ಕನೇ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಆಮೇಲೆ ಇಪ್ಪತ್ತನಾಲ್ಕು ವರ್ಷ ಮನೆಯವರು ಅವಳ ಕೈಯಲ್ಲಿ ಬಟಾಣಿ ಸುಲಿಸಿದರು, ಬಟ್ಟೆ ಮಡಚಿಸಿದರು, ನೆಂಟರು ಬಂದಾಗ ಒಳಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ತಾಯಿ ತೀರಿಕೊಂಡ ವರ್ಷ ಅಣ್ಣ ಅವಳನ್ನು ಕರೆತಂದು ನಮ್ಮ ತರಬೇತಿ ಕೇಂದ್ರದ ಬಾಗಿಲಲ್ಲಿ ನಿಲ್ಲಿಸಿದ. "ಏನಾದ್ರೂ ಕಲಿಸಿ ಸಾರ್, ಮನೇಲಿ ಕೂತು ನಮ್ಮ ತಲೆ ತಿಂತಾಳೆ," ಎಂದು ಹೇಳಿ, ಅವಳಿಗೆ ಹೋಗಿಬರುತ್ತೇನೆಂದೂ ಹೇಳದೆ ಹೊರಟುಹೋದ.

ಅಲ್ಲಿ ಕೈಕೆಲಸ ಕಲಿಸುವ ಮೇಷ್ಟ್ರು ನಾನು. ಕಣ್ಣು ಕಾಣದವರು, ಕಿವಿ ಕೇಳದವರು, ಕೈಕಾಲು ಸ್ವಾಧೀನವಿಲ್ಲದವರು, ಹೀಗೆ ನೂರಾರು ಜನ ನನ್ನ ಬೆಂಚಿನಿಂದ ಎದ್ದು ಹೋಗಿದ್ದಾರೆ. ಇವಳಂಥ ಕೈ ಇನ್ನೊಂದನ್ನು ನಾನು ಕಂಡಿಲ್ಲ. ಗಾಜಿನ ಬಾಟಲಿಯ ಬಾಯಂಚಿನ ಮೇಲೆ ಬೆರಳು ಒಂದು ಸುತ್ತು ಬಂದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ಪಕ್ಕಕ್ಕಿಡುತ್ತಿದ್ದಳು. "ನೋಡಿದೆ ಮೇಷ್ಟ್ರೇ, ಇದು ಕೆಲಸಕ್ಕೆ ಬರಲ್ಲ, ನಿಮ್ಮ ಹಾಗೇ," ಎಂದು ನಗುತ್ತಿದ್ದಳು. ನೋಡಿದೆ ಎಂದೇ ಅವಳ ಮಾತು. ಅದರಲ್ಲೇನು ವಿಶೇಷ? ಉಪ್ಪು ಸಾಕೋ ಬೇಕೋ ಎಂದು ನಾವು ತಿಂದು ನೋಡುತ್ತೇವೆ, ಬಿಸಿಯಿದೆಯೋ ಎಂದು ಮುಟ್ಟಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ಕಾದು ನೋಡುತ್ತೇವೆ. ಇದಕ್ಕೆಲ್ಲ ಯಾರೂ ಕಣ್ಣು ಬಳಸುವುದಿಲ್ಲ.

ಎರಡು ಬೀದಿ ಆಚೆ ಬಾಟಲಿ ಕಾರ್ಖಾನೆಯಿತ್ತು. ಅಲ್ಲಿನ ಸೂಪರ್‌ವೈಸರ್ ಒಮ್ಮೆ ಬಂದು ಇವಳ ಕೈಚಳಕ ಕಂಡು ದಂಗಾದ. ಬಾಟಲಿ ಪರೀಕ್ಷಿಸುವ ಜಾಗ ಒಂದು ಖಾಲಿಯಿದೆ, ಇವಳಿಗೇ ಕೊಡುತ್ತೇನೆ ಎಂದ. ಎರಡೇ ಷರತ್ತು. ನಮ್ಮ ಕೇಂದ್ರದಿಂದ 'ಕೆಲಸಕ್ಕೆ ಸಿದ್ಧ' ಎಂಬ ಪ್ರಮಾಣಪತ್ರ ಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅವಳಿಗೆ ಮೂವತ್ತೈದು ತುಂಬಲು ಎರಡು ತಿಂಗಳಿತ್ತು.

ಅದೇ ಹೊತ್ತಿಗೆ ಅಣ್ಣ ಚಿಕ್ಕ ಮನೆಗೆ ಹೋಗುವವನಿದ್ದ. ಅಲ್ಲಿ ತಂಗಿಗೆ ಜಾಗವಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ. ಕೆಲಸ ಸಿಕ್ಕರೆ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ. ಸಿಗದಿದ್ದರೆ ಊರಾಚೆಯ ಆಶ್ರಯಧಾಮ. ಅಲ್ಲಿ ಗೇಟಿಗೆ ಯಾವಾಗಲೂ ಬೀಗ. ಒಳಗೆ ಹೋದವರು ಗೋಡೆಗೊರಗಿ ಕೂರುತ್ತಾರೆ, ಕೂತಲ್ಲೇ ಮುದುಕರಾಗುತ್ತಾರೆ. "ಹೊತ್ತುಹೊತ್ತಿಗೆ ಊಟ ಹಾಕ್ತಾರಂತೆ ಕಣೇ, ನಿಂಗೇನು ಕಷ್ಟ," ಎಂದು ಅತ್ತಿಗೆ ಸಮಾಧಾನ ಹೇಳಿದ್ದಳಂತೆ. ಬೆರಳಕ್ಕ ಅದನ್ನು ನನಗೆ ಅತ್ತಿಗೆಯ ದನಿಯಲ್ಲೇ ಹೇಳಿ ನಗಿಸಿದ್ದಳು. ಆದರೆ ಆವತ್ತು ಅವಳು ಊಟದ ಡಬ್ಬಿ ತೆರೆಯಲಿಲ್ಲ.

ಮುಖ್ಯ ಕಚೇರಿಯಿಂದ ಪರೀಕ್ಷಕ ಬಂದ. ಎಳೆಯ ಮುಖ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ನಲವತ್ತು ಪ್ರಶ್ನೆಗಳ ನಮೂನೆ. 'ಸಹಾಯವಿಲ್ಲದೆ ಕೆಲಸ ಮಾಡುತ್ತಾರೆಯೇ' ಎಂಬುದು ಹನ್ನೆರಡನೇ ಪ್ರಶ್ನೆ. 'ಅಗತ್ಯವಿದ್ದಾಗ ಸಹಾಯ ಕೇಳುತ್ತಾರೆಯೇ' ಎಂಬುದು ಹದಿಮೂರನೆಯದು. ಒಂದರಲ್ಲಿ ಗೆದ್ದವರು ಇನ್ನೊಂದರಲ್ಲಿ ಸೋಲಲೇಬೇಕು. ಆ ನಮೂನೆ ತಯಾರಿಸಿದ ಪುಣ್ಯಾತ್ಮನನ್ನೇ ಒಂದು ದಿನ ನನ್ನ ಬೆಂಚಿನ ಮೇಲೆ ಕೂರಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಐವತ್ತು ಬಾಟಲಿಗಳಲ್ಲಿ ಬಿರುಕಿದ್ದ ಐದನ್ನು ಅವನೇ ಬೆರೆಸಿಟ್ಟ. ಬೆರಳಕ್ಕ ಏಳನ್ನು ತೆಗೆದು ಪಕ್ಕಕ್ಕಿಟ್ಟಳು.

"ಇರೋದು ಐದೇ. ಎರಡು ತಪ್ಪು ಮಾಡಿದ್ದೀರಿ," ಎಂದ ಪರೀಕ್ಷಕ.

"ಏಳೇ ಸಾರ್. ಒಂದೊಂದನ್ನೂ ಎರಡೆರಡು ಸಲ ನೋಡಿದ್ದೀನಿ."

"ನೋಡಿದ್ದೀರಾ?" ಅವನು ನಕ್ಕ. "ಹೇಗೆ ನೋಡಿದ್ರಿ?"

"ಹೀಗೆ." ಅವಳು ತೋರುಬೆರಳು ಎತ್ತಿದಳು. "ನೀವೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ ಸಾರ್. ಇನ್ನೊಂದ್ಸಲ ನೋಡ್ಬಿಡಿ."

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಪರೀಕ್ಷಕ ಆ ಎರಡು ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಿರುಕು ಅವನಿಗೆ ಕಂಡಿತು. ಕಂಡದ್ದು ನನಗೆ ಗೊತ್ತು, ಅವನ ಕಿವಿ ಕೆಂಪಾಯಿತು. ಆಮೇಲೆ ಎರಡನ್ನೂ ಸದ್ದಾಗದಂತೆ ಒಳ್ಳೆಯ ಬಾಟಲಿಗಳ ಸಾಲಿನಲ್ಲಿಟ್ಟು ಪೆನ್ನು ತೆಗೆದ.

ಮೂವತ್ತೊಂಬತ್ತನೇ ಪ್ರಶ್ನೆ, 'ತನ್ನ ನ್ಯೂನತೆಯನ್ನು ಒಪ್ಪಿಕೊಂಡಿದ್ದಾರೆಯೇ?' ಅವನು ಬರೆದ ಉತ್ತರ ನನಗೆ ಈಗಲೂ ಬಾಯಿಪಾಠ: 'ಇಲ್ಲ. ತಾನು ನೋಡುತ್ತೇನೆಂದು ಪದೇಪದೇ ಹೇಳುತ್ತಾರೆ. ಭ್ರಮೆಯ ಲಕ್ಷಣವಿದೆ. ಕೆಲಸಕ್ಕೆ ಸಿದ್ಧರಿಲ್ಲ. ಆರು ತಿಂಗಳ ಆಪ್ತಸಲಹೆಯ ನಂತರ ಮರುಪರೀಕ್ಷೆ.'

ಕೊನೆಯ ಪುಟದಲ್ಲಿ ಮೇಷ್ಟ್ರ ಅಭಿಪ್ರಾಯಕ್ಕೆ ಎಂಟು ಗೆರೆ ಜಾಗವಿತ್ತು. ಮೇಷ್ಟ್ರಾಗಲಿ ಅಭ್ಯರ್ಥಿಯಾಗಲಿ ಹದಿನೈದು ದಿನದೊಳಗೆ ವಿರೋಧ ಬರೆದುಕೊಟ್ಟರೆ ಬೇರೆ ಪರೀಕ್ಷಕ ಬಂದು ಮತ್ತೆ ಪರೀಕ್ಷೆ ಮಾಡಲೇಬೇಕು. ನಿಯಮವೇ ಹಾಗಿದೆ. ನಾನು ಪೆನ್ನು ಹಿಡಿದು ಕೂತಿದ್ದಾಗ ಕೇಂದ್ರದ ಮ್ಯಾನೇಜರ್ ಕರೆದರು.

"ಮೇಷ್ಟ್ರೇ, ನಿಮ್ಮ ಕಂಟ್ರಾಕ್ಟು ಬರೋ ತಿಂಗಳು ಮುಗಿಯುತ್ತಲ್ವಾ? ಮುಖ್ಯ ಕಚೇರಿಯವರನ್ನ ಯಾಕೆ ಎದುರು ಹಾಕ್ಕೋತೀರಿ? ಅವಳಿಗೇನು, ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಕೊಡ್ಲಿ."

ಆರು ತಿಂಗಳಾದರೆ ಅವಳಿಗೆ ಮೂವತ್ತೈದು ದಾಟುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 'ಒಪ್ಪಿದೆ' ಎಂದು ಬರೆದು ಸಹಿ ಹಾಕಿದೆ. ಹೊರಗೆ ಬಂದರೆ ಬೆರಳಕ್ಕ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು.

"ನಾನು ವಿರೋಧ ಬರೆದೇ ಕಳಿಸಿದ್ದೀನಿ ಬೆರಳಕ್ಕ," ಎಂದೆ. "ಚೆನ್ನಾಗಿ ಉಗಿದು ಬರೆದಿದ್ದೀನಿ. ನೀನು ಸುಮ್ಮನಿರು, ನಾನಿದ್ದೀನಿ."

ಅವಳು ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. ಮೂರು ವಾರ ಬಿಟ್ಟು, ಮುಖ್ಯ ಕಚೇರಿ ಒಪ್ಪಲಿಲ್ಲ ಎಂದು ಇನ್ನೊಂದು ಸುಳ್ಳು ಪೋಣಿಸಿದೆ. ಅದನ್ನೂ ನಂಬಿದಳು.

ಆಪ್ತಸಲಹೆ ಶುರುವಾಯಿತು. ಸಲಹೆ ಕೊಡುವ ಹೆಂಗಸು ಅವಳಿಂದ 'ನನಗೆ ಕಾಣುವುದಿಲ್ಲ' ಎಂದು ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದಳು. 'ನೋಡಿದೆ' ಎಂದು ಬಾಯಿತಪ್ಪಿದರೆ ಪುಸ್ತಕದಲ್ಲಿ ಒಂದು ಗುರುತು. ಮೂರನೇ ತಿಂಗಳಿಗೆ ಆ ಪದ ಅವಳ ಬಾಯಿಂದ ಪೂರ್ತಿ ಹೋಯಿತು. ಅದರ ಜೊತೆಗೆ ತಮಾಷೆಯೂ ಹೋಯಿತು, ಅತ್ತಿಗೆಯ ದನಿಯೂ ಹೋಯಿತು. ಹೊಸಬರು ಬಂದರೆ ಮಾತ್ರ, "ಮೇಷ್ಟ್ರ ಮಾತು ಕೇಳಿ, ನನಗೋಸ್ಕರ ಆಫೀಸಿನವರ ಮೇಲೇ ಬಿದ್ದೋರು," ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಬಾಟಲಿ ಒರೆಸುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ಬಾಯಿ ಬಿಡುವಷ್ಟಲ್ಲ.

ಮರುಪರೀಕ್ಷೆಯಲ್ಲಿ ಅದೇ ಪರೀಕ್ಷಕ 'ಸಿದ್ಧ' ಎಂದು ಬರೆದ. ಕಾರ್ಖಾನೆಯ ಜಾಗಕ್ಕೆ ಬೇರೆಯವರು ಬಂದು ನಾಲ್ಕು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಅವಳನ್ನು ಆಶ್ರಯಧಾಮಕ್ಕೆ ಕರೆದೊಯ್ಯಲು ಹೊರಟ ಅಣ್ಣ ಕೇಂದ್ರದ ಹೊರಗೆ ಕಾಯುತ್ತಿದ್ದ. ಅವಳು ಬಟ್ಟೆಯ ಚೀಲದೊಂದಿಗೆ ಬಂದು ನನ್ನೆದುರು ಕೂತು, ಕಚೇರಿಯವರು ಕೊಟ್ಟ ಕಡತವನ್ನು ನನ್ನ ಕಡೆ ಚಾಚಿದಳು.

"ಮೇಷ್ಟ್ರೇ, ನೀವು ನನ್ನ ಬಗ್ಗೆ ಬರೆದಿದ್ದನ್ನ ಒಂದ್ಸಲ ಓದಿ. ಅಲ್ಲಿ ಓದಿ ಹೇಳೋರು ಯಾರೂ ಇರಲ್ಲ. ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ."

ನಾನು ಕೊನೆಯ ಹಾಳೆ ತೆಗೆದು ಓದತೊಡಗಿದೆ. "ನನ್ನ ಸೇವೆಯಲ್ಲಿ ಇವರಷ್ಟು ನುರಿತ ಕೈ ಕಂಡಿಲ್ಲ. ಪರೀಕ್ಷಕರ ತೀರ್ಮಾನ ತಪ್ಪು. ಬಿರುಕಿದ್ದ ಬಾಟಲಿಗಳು ಏಳೇ. ಇವರಿಗೆ ಕೆಲಸ ನಿರಾಕರಿಸುವುದು ಅನ್ಯಾಯ." ಒಂದೊಂದು ವಾಕ್ಯವೂ ಸತ್ಯ. ಒಂದನ್ನೂ ನಾನು ಬರೆದಿರಲಿಲ್ಲ. ಅವಳ ತುಟಿ ನನ್ನ ಹಿಂದೆಯೇ ಅಲುಗುತ್ತಿತ್ತು.

"ಎಲ್ಲಿ, ಕೊಡಿ," ಎಂದು ಹಾಳೆ ತೆಗೆದುಕೊಂಡಳು. ಮಗುಚಿ ತೊಡೆಯ ಮೇಲಿಟ್ಟು ಹಿಂಬದಿಯಲ್ಲಿ ಬೆರಳಾಡಿಸಿದಳು. ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದೆ, ಅಕ್ಷರಗಳು ಆ ಕಡೆಗೆ ಉಬ್ಬಿದ್ದವು. ಬೆರಳು ನನ್ನ ಸಹಿ ದಾಟಿತು, ಅದರ ಮೇಲಿದ್ದ ಪದ ದಾಟಿತು, ಆಮೇಲೆ ನುಣುಪು ಕಾಗದದ ಮೇಲೆ ಹೋಯಿತು. ಕೆಳಗಿಳಿದು ಮತ್ತೆ ಮೊದಲಿಂದ ಬಂದಳು.

"ಮೇಷ್ಟ್ರೇ, ಇಲ್ಲಿ ಒಂದೇ ಪದ ಇದೆ."

ನಾನು ಹಾಳೆಗೆ ಕೈ ಚಾಚಿದೆ, ಅವಳು ಬಿಡಲಿಲ್ಲ.

"ಯಾವ ಪದ?"

"ಒಪ್ಪಿದೆ," ಎಂದೆ.

ಹೊರಗೆ ಅಣ್ಣ ಅವಳನ್ನು ಕೂಗಿದ. ಅವಳು ಹಾಳೆಯನ್ನು ಕಡತದೊಳಗೆ ಸರಿಯಾಗಿ ಸೇರಿಸಿ, ಕಡತವನ್ನು ನನ್ನ ಬೆಂಚಿನ ಮೇಲೇ ಬಿಟ್ಟು ಚೀಲ ಎತ್ತಿಕೊಂಡಳು.

"ನನಗೆ ಹದಿನೈದು ದಿನ ಇತ್ತು ಮೇಷ್ಟ್ರೇ. ಯಾರ ಕೈಲಾದ್ರೂ ಬರೆಸಿ ನಾನೇ ಕೊಡ್ತಿದ್ದೆ. ನೀವು ಬರೆದಿದ್ದೀರಿ ಅಂತ ಸುಮ್ಮನಿದ್ದೆ."