ಇಸ್ತ್ರಿ ಅಕ್ಕ ಹಾಕಿಸಿದ ಬೀಗ

ಹತ್ತೊಂಬತ್ತು ದಿನದ ಕೂಲಿ ಇನ್ನೂ ಬಾಕಿ ಇದೆ. ಇಪ್ಪತ್ತಾರು ಹೆಂಗಸರದ್ದು. ಕೊಡಬೇಕಾದವರು ಆಸ್ಪತ್ರೆಗಳ ಚಾದರ ಒಗೆದು ಕಳಿಸುವ ಲಾಂಡ್ರಿಯವರು. ಆ ದುಡ್ಡು ಈವತ್ತಿಗೂ ಬಾರದಿರುವುದಕ್ಕೆ ಅರ್ಧ ಕಾರಣ ಮ್ಯಾನೇಜರು. ಇನ್ನರ್ಧ ನಮ್ಮ ಇಸ್ತ್ರಿ ಅಕ್ಕ. ನಮ್ಮ ಕಾರ್ಮಿಕರ ಸಂಘದಲ್ಲಿ ಎಲ್ಲರೂ ಎರಡನೆಯದನ್ನು ನುಂಗಿಕೊಂಡು ಮಾತಾಡುತ್ತಾರೆ. ನುಂಗಿ ಅಂತ ಅವಳೇನೂ ಕೇಳಿಕೊಂಡಿಲ್ಲ.

ಹದಿನೇಳು ವರ್ಷದಿಂದ ಅವಳು ನಿಂತಿರುವುದು ಒಂದೇ ಜಾಗದಲ್ಲಿ, ದೊಡ್ಡ ಇಸ್ತ್ರಿ ಮೆಷಿನ್ನಿನ ಬಾಯಿಯ ಹತ್ತಿರ. ಒದ್ದೆ ಚಾದರದ ಎರಡು ಮೂಲೆ ಹಿಡಿದು ಕೊಡವಿ, ಕಾದ ಉರುಳೆಗೆ ತಿನ್ನಿಸಬೇಕು. ಅತ್ತ ಕಡೆ ಇನ್ನೊಬ್ಬಳು ಎಳೆದು ಮಡಚುತ್ತಾಳೆ. ಇವಳ ಮೊಣಕೈವರೆಗೂ ಸುಟ್ಟ ಗೆರೆಗಳು. ಬಾಯಿಯೂ ಆ ಉರುಳೆಗಿಂತ ತಣ್ಣಗೇನಿಲ್ಲ.

ಲಾಂಡ್ರಿ ಗೇಟಿನಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಹೋಗುವ ಮುಂಚೆ ಎಲ್ಲರೂ ಫೋನು ಅದರಲ್ಲಿ ಹಾಕಬೇಕು. ಮ್ಯಾನೇಜರು ಬೀಗ ಹಾಕಿ ಕೀಲಿಕೈ ಜೇಬಿಗಿಳಿಸುತ್ತಿದ್ದ. "ಗಮನ ಕೆಟ್ಟರೆ ಕೈ ಸುಟ್ಕೋತೀರ. ನಿಮ್ಮ ಒಳ್ಳೇದಕ್ಕೇ ಕಣ್ರಮ್ಮಾ." ಒಂದು ದಿನ, ಮಡಚುವ ಹೆಂಗಸಿನ ಮಗ ಶಾಲೆಯಲ್ಲಿ ಫಿಟ್ಸ್ ಬಂದು ಬಿದ್ದ. ಶಾಲೆಯವರು ಮಾಡಿದ ಫೋನು ನಾಲ್ಕು ಗಂಟೆ ಆ ಪೆಟ್ಟಿಗೆಯೊಳಗೆ ಬಡಿದುಕೊಂಡಿತು. ಹುಡುಗ ಬದುಕಿಕೊಂಡ. ಮರುದಿನ ಇಸ್ತ್ರಿ ಅಕ್ಕ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನಲ್ಲಿ ನಿಂತಳು.

"ಕೈ ಮಾರಿದ್ದೀವಿ ಸಾರ್, ಕಿವಿ ಮಾರಿಲ್ಲ."

ಇಪ್ಪತ್ತಾರು ಜನರೂ ಫೋನು ಹಾಕಲಿಲ್ಲ. ಮ್ಯಾನೇಜರು ಗೇಟಿಗೇ ಬೀಗ ಜಡಿದ. ಹತ್ತೊಂಬತ್ತು ದಿನ ಹಾಗೇ ಇಟ್ಟ. ಆಸ್ಪತ್ರೆಗಳಲ್ಲಿ ಚಾದರ ಮುಗಿದು ರಂಪವಾದ ಮೇಲೆ ಬಗ್ಗಿದ. ಪೆಟ್ಟಿಗೆ ಒಲೆ ಸೇರಿತು. "ಇನ್ನು ಮುಂದೆ ಕೇಳದೆ ಯಾರ ಫೋನಿಗೂ ಕೈ ಹಾಕುವುದಿಲ್ಲ" ಎಂದು ಅವನ ಕೈಯಲ್ಲೇ ಬರೆಸಿ ಇಸ್ತ್ರಿ ಅಕ್ಕ ಸಹಿ ಹಾಕಿಸಿಕೊಂಡಳು. ಕೂಲಿ ಮಾತ್ರ ಬರಲಿಲ್ಲ. ಗೇಟು ತೆರೆದೇ ಇತ್ತು, ಅವರೇ ಬರಲಿಲ್ಲ ಅಂತ ಆ ಪುಣ್ಯಾತ್ಮ ಕಾರ್ಮಿಕ ಇಲಾಖೆಗೆ ಬರೆದುಕೊಟ್ಟ. ನಾವು ಕೇಸು ಹಾಕಿದೆವು. ಬೀಗ ಹಾಕಿದ್ದು ನಿಜ ಅಂತ ಸಾಕ್ಷಿ ಹೇಳಲು ಏಳು ಹೆಂಗಸರು ಒಪ್ಪಿದರು.

ಸಾಕ್ಷಿಗಳ ಹೇಳಿಕೆ ಟೈಪು ಮಾಡಲು ಸಂಘ ಒಂದು ಹಳೇ ಕಂಪ್ಯೂಟರ್ ಕೊಂಡಿತ್ತು. ಅದನ್ನು ಇಟ್ಟಿದ್ದು ಇಸ್ತ್ರಿ ಅಕ್ಕನ ಮನೆಯಲ್ಲಿ. ಎರಡು ಕೋಣೆಯ ಮನೆ, ತಾಯಿ ಮಗಳು ಇಬ್ಬರೇ. ಮಗಳಿಗೆ ಹದಿನಾರು. ಏಳೂ ಹೇಳಿಕೆಗಳನ್ನು ಟೈಪು ಮಾಡಿದವಳು ಅವಳೇ, ಬಿಟ್ಟಿಯಾಗಿ. ಉಳಿದ ಹೊತ್ತು ಅದರಲ್ಲೇ ಗೆಳೆಯರಿಗೆ ಮೆಸೇಜು ಕುಟ್ಟುತ್ತಿದ್ದಳು, ಒಬ್ಬಳೇ ಕೂತು ನಗುತ್ತಿದ್ದಳು. ಆ ನಗು ತಾಯಿಗೆ ತಡೆಯಲಾಗಲಿಲ್ಲ.

"ಯಾರೇ ಅದು?"

"ಫ್ರೆಂಡು."

"ಫ್ರೆಂಡಿಗೆ ಅಪ್ಪ ಅಮ್ಮ ಹೆಸರಿಟ್ಟಿಲ್ವಾ?"

"ಇಟ್ಟಿದ್ದಾರೆ. ನಿಂಗ್ಯಾಕೆ?"

ಲೆಕ್ಕದಲ್ಲಿ ಮೂವತ್ತೊಂದು ಅಂಕ ಬಂದ ದಿನ ಇಸ್ತ್ರಿ ಅಕ್ಕ ವೈರು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಮಗಳು ಪಕ್ಕದ ಮನೆಯಿಂದ ವೈರು ತಂದಳು. ಆಗ ಇಸ್ತ್ರಿ ಅಕ್ಕ ತನ್ನ ಜೀವಮಾನದ ದಡ್ಡ ಕೆಲಸ ಮಾಡಿದಳು. ಕಂಪ್ಯೂಟರ್ ಬಲ್ಲವರು ಅಂತ ಅವಳಿಗೆ ಗೊತ್ತಿದ್ದವನು ಒಬ್ಬನೇ, ಲಾಂಡ್ರಿ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಕಂಪ್ಯೂಟರಿನವನು. ಅಂದರೆ ಮ್ಯಾನೇಜರನ ಬಲಗೈ. ಮಗಳ ಮೆಸೇಜಿಗೆ ಬೀಗ ಹಾಕಿಕೊಡು ಅಂತ ಅವನನ್ನೇ ಕೇಳಿದಳು.

"ಅಯ್ಯೋ ಅಕ್ಕಾ, ಅದೇನ್ ಮಹಾ! ಭಾನುವಾರ ಬರ್ತೀನಿ" ಅಂದ. ಎರಡು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಿಡಿಯುವ ಮನುಷ್ಯ ಬಿಟ್ಟಿ ಕೆಲಸಕ್ಕೆ ಮನೆ ಬಾಗಿಲಿಗೆ ಬರುತ್ತೇನೆ ಅಂದಾಗಲೇ ವಾಸನೆ ಹೊಡೆಯಬೇಕಿತ್ತು. ಬೇರೆಯವರ ಮನೆಯದಾಗಿದ್ದರೆ ಇವಳಿಗೇ ಮೊದಲು ಹೊಡೆಯುತ್ತಿತ್ತು.

ಮಗಳು ಟ್ಯೂಷನ್ನಿಗೆ ಹೋಗಿದ್ದಾಗ ಬಂದ. ಮುಕ್ಕಾಲು ಗಂಟೆ ಕೂತ, ಎರಡು ಲೋಟ ಚಹಾ ಕುಡಿದ. "ಮೆಸೇಜು ಬಂದ್. ಪಾಸ್‌ವರ್ಡ್ ನನ್ನ ಹತ್ರಾನೇ ಇರ್ಲಿ ಅಕ್ಕಾ, ನಿಮ್ಮ ಹತ್ರ ಇದ್ರೆ ಹುಡುಗಿ ಕಿತ್ಕೋತಾಳೆ." ಇವಳು ಹೂಂ ಅಂದಳು.

ಮಗಳು ಬಂದು ಕಂಪ್ಯೂಟರ್ ಹಚ್ಚಿದಳು. ಪರದೆ ಮೇಲೆ ಬೂದು ಬಣ್ಣದ ಚೌಕ, ಅನುಮತಿ ಇಲ್ಲ ಅಂತ.

"ಮನೇಲೂ ಪೆಟ್ಟಿಗೆ ಇಟ್ಯಾ ಅಮ್ಮಾ?"

"ಪೆಟ್ಟಿಗೆ ಬೇರೆ, ಇದು ಬೇರೆ. ನಿನ್ನ ಒಳ್ಳೇದಕ್ಕೇ ಕಣೇ."

"ಥೇಟ್ ಮ್ಯಾನೇಜರ್! ಅವನ ಕುರ್ಚೀಲೇ ಹೋಗಿ ಕೂತ್ಕೋ."

ಕೆನ್ನೆಗೆ ಬಿತ್ತು. ಹುಡುಗಿ ಅಳಲಿಲ್ಲ. ಯಾರು ಮಾಡಿದ್ದು, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಕೇಳಿದಳು. ತಾಯಿ ಹೇಳಿದಳು.

"ಅಮ್ಮಾ, ನಿಂಗೆ ತಲೆ ಕೆಟ್ಟಿದ್ಯಾ? ಅವನು ಆಫೀಸಲ್ಲಿ ಕೂತೇ ಇದನ್ನ ತೆಗೆದು ನೋಡಬಹುದು. ಏಳೂ ಜನರ ಹೇಳಿಕೆ ಇದರಲ್ಲೇ ಇದೆ."

"ಮೆಸೇಜು ಬೇಕು ಅಂತ ಕಥೆ ಕಟ್ತೀಯಾ? ಯಾರ ಹತ್ರ ಆಟ?"

ಅಲ್ಲಿಗೆ ಮಾತು ನಿಂತಿತು. ಮುಷ್ಕರವನ್ನು ಹುಡುಗಿ ಯಾವ ಪುಸ್ತಕದಲ್ಲೂ ಓದಬೇಕಾಗಿರಲಿಲ್ಲ. ಹೇಳಿದಷ್ಟೇ ಮಾಡಿದಳು. ಪಾತ್ರೆ ತೊಳಿ ಅಂದರೆ ತೊಳೆದಳು, ಒರೆಸಲಿಲ್ಲ. ಅನ್ನಕ್ಕಿಡು ಅಂದರೆ ಇಟ್ಟಳು. ಇಳಿಸು ಅಂತ ಯಾರೂ ಅನ್ನಲಿಲ್ಲವಾದ್ದರಿಂದ ಅನ್ನ ತಳ ಹಿಡಿದು ಕರಿಕಲಾಯಿತು. ತಾಯಿಯೂ ಬಗ್ಗುವ ಜಾತಿಯಲ್ಲ, ಕರಿಕಲನ್ನೇ ತಿಂದು ಕೆಲಸಕ್ಕೆ ಹೋದಳು.

ತಾಯಿ ಮಗಳ ಮಾತು ನಿಂತ ಒಂಬತ್ತನೆಯ ದಿನ ಮ್ಯಾನೇಜರು ಏಳು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದ. ಇಲಾಖೆಗೆ ಇನ್ನೂ ಕೊಟ್ಟೇ ಇಲ್ಲದ ಹೇಳಿಕೆಯನ್ನು ಅವರವರ ಮುಂದೆಯೇ ಓದಿದ. "'ಬೀಗ ಹಾಕಿ ಒಳಗಿಂದ ನಮ್ಮನ್ನ ನೋಡಿ ನಗ್ತಾ ಇದ್ದ.' ನಾನೇನಮ್ಮಾ ನಕ್ಕಿದ್ದು? ನಿನ್ನ ಮಗಳ ಮದುವೆಗೆ ಮುಂಗಡ ಬೇಕು ಅಂದಿದ್ದೆಯಲ್ಲ, ಈಗ ನಗು ನೋಡೋಣ." ಸಂಜೆಯೊಳಗೆ ನಾಲ್ವರು ಹಿಂದೆ ಸರಿದರು.

ಕಂಪ್ಯೂಟರಿನವನು ಭಾನುವಾರ ಬಂದು ಹೋಗಿದ್ದು ಗೊತ್ತಾಗಿ ಆ ನಾಲ್ವರೂ ಇಸ್ತ್ರಿ ಅಕ್ಕನ ಮನೆಗೆ ಬಂದರು. ಕೂರಲಿಲ್ಲ. ಫಿಟ್ಸ್ ಹುಡುಗನ ತಾಯಿಯೂ ಅವರಲ್ಲಿ ಒಬ್ಬಳು.

"ನಮ್ಮ ಕಿವಿ ಬಿಡಿಸಿದೋಳು ನೀನೇ, ಬಾಯಿ ಕಟ್ಟಿಸಿದೋಳೂ ನೀನೇ. ಮಗಳನ್ನ ಕಾಯೋಕೆ ನಿಂಗೆ ಬೇರೆ ನಾಯಿ ಸಿಗಲಿಲ್ವಾ?"

ಅವರು ಹೋದ ಮೇಲೆ ಇಸ್ತ್ರಿ ಅಕ್ಕ ಮಗಳ ಕಡೆ ತಿರುಗಿದಳು.

"ತೆಗಿ ಅದನ್ನ."

"ಮೊದಲು ಬರೆದುಕೊಡು."

"ಏನಂತ ಬರೀಲಿ?"

"ಮ್ಯಾನೇಜರ್ ಕೈಲಿ ಏನ್ ಬರೆಸಿಕೊಂಡ್ಯೋ ಅದೇ."

ಅವಳು ಪೆನ್ನು ಹುಡುಕಿ ಬರೆದಳು. ಕೇಳದೆ ಕೈ ಹಾಕುವುದಿಲ್ಲ. ಕೆಳಗೆ ಸಹಿ. ಮಗಳು ಚೀಟಿ ಮಡಚಿ ಲೆಕ್ಕದ ಪುಸ್ತಕದಲ್ಲಿಟ್ಟುಕೊಂಡಳು. ಆಮೇಲೆ ಹೇಳಿಕೆಗಳನ್ನು ಬೇರೆ ಕಡೆ ತೆಗೆದಿಟ್ಟು, ಕಂಪ್ಯೂಟರನ್ನು ಪೂರಾ ಅಳಿಸಿ ಹೊಸದಾಗಿ ತುಂಬಿದಳು. ಕ್ಷಮಿಸು ಅಂತ ತಾಯಿ ಅನ್ನಲಿಲ್ಲ, ಪರವಾಗಿಲ್ಲ ಅಂತ ಮಗಳೂ ಅನ್ನಲಿಲ್ಲ. ಇಬ್ಬರಿಗೂ ಇನ್ನೂ ಸರಿಯಾಗಿ ಮಾತಿಲ್ಲ. ಮೆಸೇಜಿನ ಆ ಕಡೆ ಇರುವ ಫ್ರೆಂಡು ಯಾರೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಾಗಬೇಕಿಲ್ಲ.

ಈಗ ಉಳಿದಿರುವುದು ಮೂರು ಸಾಕ್ಷಿ. ಬರುವ ತಿಂಗಳ ಹದಿನಾಲ್ಕಕ್ಕೆ ವಿಚಾರಣೆ. ಆ ಹತ್ತೊಂಬತ್ತು ದಿನವೂ ಲಾಂಡ್ರಿ ಮುಂದಿನ ರಸ್ತೆಯಲ್ಲಿ ಜನ ಓಡಾಡಿದ್ದಾರೆ. ಚಾದರದ ಗಾಡಿ ತಂದು ವಾಪಸು ತಿರುಗಿಸಿಕೊಂಡು ಹೋದ ಡ್ರೈವರುಗಳು, ಎದುರಿನ ಸೈಕಲ್ ರಿಪೇರಿಯವನು, ಬಸ್ಸಿಗೆ ಕಾಯುತ್ತ ನಿಂತವರು. ಗೇಟಿನ ಬೀಗ ಎಲ್ಲರ ಕಣ್ಣಿಗೂ ಬಿದ್ದಿದೆ. ಇದನ್ನು ಓದುತ್ತಿರುವ ನೀವೂ ಆ ರಸ್ತೆಯವರಾದರೆ ನಿಮ್ಮ ಕಣ್ಣಿಗೂ ಬಿದ್ದಿದೆ. ಅಯ್ಯೋ ಪಾಪ ಅನ್ನುವವರು ನಮಗೆ ಬೇಡ. ಸರಿದು ಹೋದ ನಾಲ್ಕು ಜನರ ಜಾಗಕ್ಕೆ ನಾಲ್ಕು ಜನ ಬೇಕು. ಹದಿನಾಲ್ಕನೇ ತಾರೀಖು ಬೆಳಗ್ಗೆ ಹತ್ತೂವರೆಗೆ ಕಾರ್ಮಿಕ ಇಲಾಖೆಗೆ ಬಂದು, ಬೀಗ ನೋಡಿದ್ದೇನೆ ಅಂತ ಹೇಳಿ ಸಹಿ ಹಾಕಿ.